ರಕ್ಷಣಾ ಪಡೆಗಳ ಎಚ್ಚರಿಕೆ ಪ್ರಕಟಣೆ ಓದುವ ಬಗೆ: ಆಕಾಶ, ಕಡಲು, ನೆಲ

ಬಂಗಾಳ ಕೊಲ್ಲಿಯ ನಕ್ಷೆಯ ಮೇಲೆ ಉದ್ದನೆಯ ಕೆಂಪು ಪಟ್ಟೆ ಎಳೆದ ಚಿತ್ರ ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ. ಸಂಜೆಯೊಳಗೆ ಟಿವಿಯವರು ಕ್ಷಿಪಣಿಯ ಹೆಸರು, ಅದು ಎಷ್ಟು ದೂರ ಹೋಗುತ್ತದೆ, ಯಾರಿಗೆ ನಡುಕ ಹುಟ್ಟಿದೆ ಎಂಬುದನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಮೂಲ ಪ್ರಕಟಣೆಯಲ್ಲಿ ಕ್ಷಿಪಣಿಯ ಹೆಸರು ಇರುವುದಿಲ್ಲ. ಅದು ಹೇಳುವುದು ಮೂರೇ ವಿಷಯ: ಯಾವ ಜಾಗ, ಯಾವ ವೇಳೆ, ಎಷ್ಟು ಎತ್ತರದವರೆಗೆ. ಆಗ ಅಲ್ಲಿ ಇರಬೇಡಿ, ಅಷ್ಟೆ. ಈ ಮೂರನ್ನು ಸರಿಯಾಗಿ ಓದಲು ಬಂದರೆ ಉಳಿದದ್ದರಲ್ಲಿ ಊಹೆ ಎಷ್ಟು ಎಂಬುದು ತಾನಾಗಿ ತಿಳಿಯುತ್ತದೆ.

ವಿಮಾನಗಳಿಗೆ ಕೊಡುವ ಎಚ್ಚರಿಕೆಗೆ ನೋಟಾಮ್ ಎನ್ನುತ್ತಾರೆ. ಪರೀಕ್ಷೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ್ದಾದರೂ ಅಭ್ಯಾಸ ವಾಯುಪಡೆಯದ್ದಾದರೂ ನೋಟಾಮ್ ಹೊರಡಿಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ದೇಶದ ಆಕಾಶವನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ಮುಖ್ಯ ವಲಯಗಳಾಗಿ ಹಂಚಿದ್ದಾರೆ. ಒಡಿಶಾ ಕರಾವಳಿಯಿಂದ ಹಾರಿದ್ದು ಕೋಲ್ಕತ್ತ ವಲಯ ದಾಟಿ ಚೆನ್ನೈ ವಲಯಕ್ಕೆ, ಅದನ್ನೂ ದಾಟಿ ಬೇರೆ ದೇಶಗಳ ವಲಯಕ್ಕೆ ಹೋಗಬಹುದು. ಪ್ರತಿ ವಲಯವೂ ತನ್ನ ಪಾಲಿನ ನೋಟಾಮ್ ಬೇರೆಯಾಗಿ ಕೊಡುತ್ತದೆ. ಒಂದನ್ನೇ ನೋಡಿ ನಕ್ಷೆ ಬರೆದರೆ ಸಿಗುವುದು ತುಂಡು ಮಾತ್ರ.

ನೋಟಾಮಿನ ಮೊದಲ ಸಾಲಿನಲ್ಲಿ ಸಂಖ್ಯೆಯ ಪಕ್ಕ ನೋಟಾಮ್-ಎನ್, ನೋಟಾಮ್-ಆರ್ ಅಥವಾ ನೋಟಾಮ್-ಸಿ ಎಂದಿರುತ್ತದೆ. ಎನ್ ಎಂದರೆ ಹೊಸದು, ಆರ್ ಎಂದರೆ ಹಳೆಯದರ ಬದಲಿಗೆ ಬಂದದ್ದು, ಸಿ ಎಂದರೆ ರದ್ದು. ಅವಧಿಯ ನಡುವೆ ರದ್ದು ಬಂದರೆ ಪರೀಕ್ಷೆ ಮುಗಿದಿರಬಹುದು, ಮುಂದಕ್ಕೆ ಹೋಗಿರಬಹುದು, ಕೈಬಿಟ್ಟಿರಲೂಬಹುದು. ಯಾವುದು ಎಂದು ನೋಟಾಮ್ ಹೇಳುವುದಿಲ್ಲ. ರದ್ದಾದ ಕೂಡಲೇ ‘ಪರೀಕ್ಷೆ ವಿಫಲ’ ಎಂದು ಬರೆಯುವವರ ಕೈಯಲ್ಲಿ ಯಾವ ಆಧಾರವೂ ಇರುವುದಿಲ್ಲ.

ಎರಡನೆಯದು ಕ್ಯೂ ಸಾಲು. ಇದು ಕಂಪ್ಯೂಟರ್ ವಿಂಗಡಿಸಲೆಂದು ಬರೆದ ಸಂಕೇತ. ಇದರಲ್ಲಿ ‘ಡಬ್ಲ್ಯೂಎಂ’ ಎಂಬ ಜೋಡಿ ಕಂಡರೆ ಕ್ಷಿಪಣಿ, ತೋಪು ಅಥವಾ ರಾಕೆಟ್ ಹಾರಿಸುವ ವಿಷಯ. ‘ಆರ್‌ಟಿ’ ಎಂದರೆ ತಾತ್ಕಾಲಿಕ ನಿರ್ಬಂಧಿತ ಪ್ರದೇಶ, ‘ಆರ್‌ಡಿ’ ಎಂದರೆ ಅಪಾಯ ಪ್ರದೇಶ. ಸಾಲಿನ ಕೊನೆಗೆ ಒಂದು ಕೇಂದ್ರಬಿಂದು, ಅದರ ಬೆನ್ನಿಗೆ ಮೂರಂಕಿಯ ತ್ರಿಜ್ಯ ಇರುತ್ತದೆ. ತ್ರಿಜ್ಯದ ಅಳತೆ ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ನಕ್ಷೆ ಮಾಡುವವರು ಎಡವುವುದು ಇಲ್ಲೇ. ಆ ವೃತ್ತ ಇಡೀ ಪ್ರದೇಶವನ್ನು ಒಳಗೊಳ್ಳುವಂತೆ ಎಳೆದ ಸ್ಥೂಲ ವೃತ್ತ, ಅಪಾಯ ಪ್ರದೇಶದ ನಿಜವಾದ ಆಕಾರ ಅಲ್ಲ. ಕಿರಿದಾದ ಉದ್ದ ಪಟ್ಟೆಯ ಸುತ್ತ ಈ ವೃತ್ತ ಎಳೆದರೆ ಅರ್ಧ ಕೊಲ್ಲಿಯೇ ಮುಚ್ಚಿಹೋದಂತೆ ಕಾಣುತ್ತದೆ. ನಿಜವಾದ ಗಡಿ ಇರುವುದು ಕೆಳಗಿನ ‘ಇ’ ಸಾಲಿನಲ್ಲಿ.

ವೇಳೆ ಇರುವುದು ಬಿ, ಸಿ ಮತ್ತು ಡಿ ಸಾಲುಗಳಲ್ಲಿ. ಉದಾಹರಣೆಗೆಂದು ಇಲ್ಲೊಂದನ್ನು ಕಟ್ಟಿಕೊಳ್ಳೋಣ: ಬಿ) 2603101230, ಸಿ) 2603121630, ಡಿ) 1230-1630. ಎರಡೆರಡು ಅಂಕಿಯಂತೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಂದು ಓದಬೇಕು. 2026ರ ಮಾರ್ಚ್ 10ರ 12:30ರಿಂದ ಮಾರ್ಚ್ 12ರ 16:30ರವರೆಗೆ ಎಂದಾಯಿತು. ಈ ಗಂಟೆಗಳು ಯುಟಿಸಿ ಎಂಬ ಜಾಗತಿಕ ಪ್ರಮಾಣ ವೇಳೆಯವು. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಹಾಗಾಗಿ ಇಲ್ಲಿ ಸಂಜೆ 6ರಿಂದ ರಾತ್ರಿ 10. ಬಿ ಮತ್ತು ಸಿ ಮಾತ್ರ ನೋಡಿದವರಿಗೆ ಎರಡು ದಿನ ಆಕಾಶ ಪೂರ್ತಿ ಬಂದ್ ಎನ್ನಿಸುತ್ತದೆ. ಡಿ ಸಾಲು ಹೇಳುವುದು ಬೇರೆ: ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಮಾತ್ರ. ಡಿ ಸಾಲು ಇಲ್ಲದಿದ್ದರೆ ಮಾತ್ರ ಬಿಡುವಿಲ್ಲದೆ ಜಾರಿಯಲ್ಲಿದೆ ಎಂದು ತಿಳಿಯಬೇಕು. ಇನ್ನೊಂದು ಎಡವಟ್ಟು, ಯುಟಿಸಿ 18:30 ದಾಟಿದರೆ ನಮ್ಮಲ್ಲಿ ತಾರೀಖೇ ಬದಲಾಗುತ್ತದೆ. ಹತ್ತನೇ ತಾರೀಖಿನ 1900 ಎಂದರೆ ನಮಗೆ ಹನ್ನೊಂದರ ನಡುರಾತ್ರಿ 12:30.

ಎಫ್ ಮತ್ತು ಜಿ ಸಾಲುಗಳು ಎತ್ತರದ ಕೆಳಮಿತಿ, ಮೇಲ್ಮಿತಿ. ಕ್ಷಿಪಣಿ ಪರೀಕ್ಷೆಗೆ ಸಾಮಾನ್ಯವಾಗಿ ನೆಲದಿಂದ ಮಿತಿಯಿಲ್ಲದ ಎತ್ತರದವರೆಗೆ ಎಂದಿರುತ್ತದೆ. ಫ್ಲೈಟ್ ಲೆವೆಲ್ 280 ಎಂದಿದ್ದರೆ ಎರಡು ಸೊನ್ನೆ ಸೇರಿಸಿ, 28,000 ಅಡಿ.

ಈಗ ‘ಇ’ ಸಾಲಿನ ಅಕ್ಷಾಂಶ, ರೇಖಾಂಶ. ಹೆಚ್ಚಿನ ತಪ್ಪು ನಡೆಯುವುದು ಇದರಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. 1448 ಉತ್ತರ, 07408 ಪೂರ್ವ ಎಂದಿದೆ ಎನ್ನಿ. ಅಕ್ಷಾಂಶದ ಮೊದಲ ಎರಡು ಅಂಕಿ ಡಿಗ್ರಿ, ಮುಂದಿನ ಎರಡು ಮಿನಿಟ್. ರೇಖಾಂಶಕ್ಕೆ ಮೊದಲ ಮೂರು ಅಂಕಿ ಡಿಗ್ರಿ. ಅಂದರೆ 14 ಡಿಗ್ರಿ 48 ಮಿನಿಟ್, 74 ಡಿಗ್ರಿ 8 ಮಿನಿಟ್. ಕಾರವಾರದ ಆಸುಪಾಸು. ಇದನ್ನು ಮೊಬೈಲ್ ನಕ್ಷೆಯಲ್ಲಿ 14.48 ಎಂದು ಹೊಡೆದರೆ ಬಿಂದು ಗೋಕರ್ಣ ಮತ್ತು ಕುಮಟಾದ ನಡುವಿನ ಅಕ್ಷಾಂಶಕ್ಕೆ ಇಳಿಯುತ್ತದೆ, ಸುಮಾರು 35 ಕಿ.ಮೀ. ದಕ್ಷಿಣಕ್ಕೆ. ಮಿನಿಟನ್ನು 60ರಿಂದ ಭಾಗಿಸಬೇಕು: 48 ಭಾಗಿಸು 60 ಅಂದರೆ 0.8, ಹಾಗಾಗಿ 14.8. ಲೆಕ್ಕ ಬೇಡವೆಂದರೆ ಗೂಗಲ್ ಮ್ಯಾಪ್ಸ್‌ನಲ್ಲಿ ‘14 48.0, 74 08.0’ ಎಂದು ನಡುವೆ ಜಾಗ ಬಿಟ್ಟು ಬರೆದರೂ ಅದು ಡಿಗ್ರಿ-ಮಿನಿಟ್ ಎಂದೇ ತಿಳಿದುಕೊಳ್ಳುತ್ತದೆ. ಅಕ್ಷಾಂಶಕ್ಕೆ ಆರು ಅಂಕಿ ಇದ್ದರೆ ಕೊನೆಯ ಎರಡು ಸೆಕೆಂಡ್. ಮಿನಿಟ್ ಜಾಗದಲ್ಲಿ 60 ಅಥವಾ ಅದಕ್ಕಿಂತ ದೊಡ್ಡ ಅಂಕಿ ಎಂದೂ ಬರುವುದಿಲ್ಲ. ಬಂದಿದ್ದರೆ ನಕಲು ಮಾಡುವಾಗಲೇ ತಪ್ಪಿದೆ.

ಬಿಂದುಗಳನ್ನು ಕೊಟ್ಟ ಕ್ರಮದಲ್ಲೇ ಸೇರಿಸಿ ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಬೇಕು. ಗೆರೆ ಗೆರೆಯನ್ನು ಕತ್ತರಿಸಿದರೆ ಒಂದು ಬಿಂದು ಹಿಂದುಮುಂದಾಗಿದೆ ಎಂದರ್ಥ. ಉದ್ದ ಅಳೆಯಲು ಅಕ್ಷಾಂಶದ ಒಂದು ಮಿನಿಟ್ ಒಂದು ನಾಟಿಕಲ್ ಮೈಲಿ ಎಂಬುದು ನೆನಪಿದ್ದರೆ ಸಾಕು. ಒಂದು ಡಿಗ್ರಿ ಅಂದಾಜು 111 ಕಿ.ಮೀ.

ಪಟ್ಟೆಯ ಉದ್ದವೇ ಕ್ಷಿಪಣಿಯ ವ್ಯಾಪ್ತಿ ಎಂಬ ಮಾತನ್ನು ಮಾತ್ರ ನಂಬಬೇಡಿ. ಪಟ್ಟೆಯೊಳಗೆ ದಾರಿ ತಪ್ಪಿದರೆ ಬೀಳಬಹುದಾದ ಜಾಗವೂ ಸೇರಿರುತ್ತದೆ, ಉರಿದು ಮುಗಿದ ಹಂತಗಳು ಕಳಚಿ ಬೀಳುವ ಜಾಗವೂ ಸೇರಿರುತ್ತದೆ. ಪೂರ್ಣ ವ್ಯಾಪ್ತಿಗಿಂತ ಕಡಿಮೆ ದೂರಕ್ಕೆ ಹಾರಿಸುವ ಪರೀಕ್ಷೆಗಳೂ ಇವೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಪಟ್ಟೆಯ ತುದಿ ಎಲ್ಲಿಂದ ಹೊರಟಿದೆ ಎಂಬುದನ್ನು. ಸುಮಾರು 21 ಡಿಗ್ರಿ ಉತ್ತರ, 87 ಡಿಗ್ರಿ ಪೂರ್ವದ ಬಳಿಯಾದರೆ ಒಡಿಶಾದ ಚಾಂದೀಪುರ ಅಥವಾ ಅಬ್ದುಲ್ ಕಲಾಂ ದ್ವೀಪ. 13 ಡಿಗ್ರಿ 43 ಮಿನಿಟ್, 80 ಡಿಗ್ರಿ 14 ಮಿನಿಟ್ ಸಮೀಪವಾದರೆ ಅದು ಶ್ರೀಹರಿಕೋಟಾ, ಹಾರುವುದು ಇಸ್ರೋ ರಾಕೆಟ್. ಉಪಗ್ರಹ ಉಡಾವಣೆಯ ಪ್ರಕಟಣೆಯನ್ನು ‘ರಹಸ್ಯ ಕ್ಷಿಪಣಿ’ ಎಂದು ಹಂಚುವುದು ತಪ್ಪಬೇಕಾದರೆ ಇಷ್ಟು ನೋಡಿದರೆ ಸಾಕು.

ಪಾಕಿಸ್ತಾನಕ್ಕೆ ಹೇಳುವ ದಾರಿ ಬೇರೆ. 2005ರ ಅಕ್ಟೋಬರ್ 3ರಂದು ಆದ ಒಪ್ಪಂದದಂತೆ ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿಯ ಪರೀಕ್ಷೆಯನ್ನು ಎರಡೂ ದೇಶಗಳು ಕನಿಷ್ಠ ಮೂರು ದಿನ ಮೊದಲು ಪರಸ್ಪರ ತಿಳಿಸಬೇಕು. ಉಡಾವಣೆಯ ಜಾಗ ಗಡಿಯಿಂದ 40 ಕಿ.ಮೀ. ಒಳಗೆ, ಬೀಳುವ ಜಾಗ 75 ಕಿ.ಮೀ. ಒಳಗೆ ಇರಕೂಡದು. ಬ್ರಹ್ಮೋಸ್‌ನಂಥ ಕ್ರೂಸ್ ಕ್ಷಿಪಣಿ ಈ ಒಪ್ಪಂದದೊಳಗೆ ಬರುವುದಿಲ್ಲ.

ಹಡಗು, ದೋಣಿಗಳಿಗೆ ಬರುವ ಎಚ್ಚರಿಕೆಯ ಹೆಸರು ನಾವ್‌ಏರಿಯಾ. ಜಗತ್ತಿನ ಕಡಲನ್ನು 21 ಭಾಗ ಮಾಡಿದ್ದಾರೆ. ಎಂಟನೆಯದನ್ನು ನೋಡಿಕೊಳ್ಳುವುದು ಭಾರತ, ಕಚೇರಿ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ. ಹೌದು, ಕಡಲಿನ ಎಚ್ಚರಿಕೆ ಹೊರಡುವುದು ಹಿಮಾಲಯದ ಬುಡದಿಂದ. ಚಾಲ್ತಿಯಲ್ಲಿರುವ ಎಚ್ಚರಿಕೆಗಳನ್ನು ಅವರ ಜಾಲತಾಣದಲ್ಲೂ ಹಾಕುತ್ತಾರೆ. ಹಡಗುಗಳಿಗೆ ಉಪಗ್ರಹದ ಮೂಲಕ, ಕರಾವಳಿಯ ಹತ್ತಿರ 518 ಕಿಲೋಹರ್ಟ್ಸ್‌ನ ನಾವ್‌ಟೆಕ್ಸ್ ಎಂಬ ರೇಡಿಯೊ ಸಂದೇಶದ ಮೂಲಕ ತಲುಪುತ್ತದೆ.

ಇದರ ಒಕ್ಕಣೆ ನೋಟಾಮಿಗಿಂತ ಸರಳ: ಯಾವ ಕಡಲು, ಏನು ಚಟುವಟಿಕೆ, ವೇಳೆ, ಬಿಂದುಗಳು, ಕೊನೆಗೆ ‘ದೂರದಿಂದ ಹಾದುಹೋಗಿ’ ಎಂಬ ಕೋರಿಕೆ. ಕಟ್ಟಕಡೆಯ ಸಾಲಿನಲ್ಲಿ ಎಚ್ಚರಿಕೆ ತಾನಾಗಿ ರದ್ದಾಗುವ ವೇಳೆ ಇರುತ್ತದೆ, ‘121730 ಯುಟಿಸಿ ಮಾರ್ಚ್’ ಎಂಬ ರೀತಿಯಲ್ಲಿ. ಇದನ್ನು ಡಿಸೆಂಬರ್ 17 ಎಂದು ಓದಿಕೊಳ್ಳುವವರಿದ್ದಾರೆ. ಮೊದಲ ಎರಡಂಕಿ ದಿನ, ಉಳಿದ ನಾಲ್ಕು ಗಂಟೆ-ನಿಮಿಷ: ಮಾರ್ಚ್ 12, ನಮ್ಮ ವೇಳೆಯಲ್ಲಿ ರಾತ್ರಿ 11. ಗುಂಡು ಹಾರಿಸುವುದು ಮುಗಿಯುವ ವೇಳೆ ಬೇರೆ, ಎಚ್ಚರಿಕೆ ಕಡತದಿಂದ ತೆಗೆಯುವ ವೇಳೆ ಬೇರೆ. ಎರಡರ ನಡುವೆ ಸ್ವಲ್ಪ ಹೊತ್ತು ಇಟ್ಟಿರುತ್ತಾರೆ.

ಕಾರವಾರ, ಮಲ್ಪೆ ಕಡೆಯ ದೋಣಿಯವರಿಗೆ ಒಂದು ಅನುಕೂಲ ಇದೆ. ದೋಣಿಯ ಜಿಪಿಎಸ್ ಸಾಮಾನ್ಯವಾಗಿ ಡಿಗ್ರಿ ಮತ್ತು ಮಿನಿಟ್‌ನಲ್ಲೇ ತೋರಿಸುವುದರಿಂದ ಪ್ರಕಟಣೆಯ ಅಂಕಿಯನ್ನು ಹಾಗೇ ಹಾಕಬಹುದು. ದಡದಲ್ಲಿ ಕೂತವರು ಮೊಬೈಲಿನಿಂದ ದಶಮಾಂಶದ ಅಂಕಿ ತೆಗೆದು ಫೋನಿನಲ್ಲಿ ಹೇಳಿದಾಗ ಗೊಂದಲ ಶುರುವಾಗುತ್ತದೆ. ಹೇಳುವವರು ‘ಹದಿನಾಲ್ಕು ಡಿಗ್ರಿ ನಲವತ್ತೆಂಟು ಮಿನಿಟ್’ ಎಂದು ಬಾಯಿಬಿಟ್ಟು ಹೇಳಬೇಕು, ‘ಹದಿನಾಲ್ಕು ನಲವತ್ತೆಂಟು’ ಎಂದರೆ ಸಾಲದು. ದೋಣಿಯ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಆನ್ ಇರಲಿ. ಅಭ್ಯಾಸದ ಹಡಗು ಕರೆಯುವುದು ಅದರಲ್ಲೇ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು, ಹಾಗಾಗಿ ಈ ಪ್ರಕಟಣೆಗಳು ನಮ್ಮ ಕರಾವಳಿಗೆ ದೂರದ ವಿಷಯವಲ್ಲ.

ಕಾನೂನಿನ ಬಲ ಎಲ್ಲ ಕಡೆ ಒಂದೇ ಅಲ್ಲ. ದಡದ ಆಧಾರರೇಖೆಯಿಂದ 12 ನಾಟಿಕಲ್ ಮೈಲಿವರೆಗಿನ ಪ್ರಾದೇಶಿಕ ಸಮುದ್ರದಲ್ಲಿ ಸರ್ಕಾರ ಹಡಗುಗಳನ್ನು ತಡೆಯಬಹುದು. ಅದರಾಚೆಯ ತೆರೆದ ಸಮುದ್ರವನ್ನು ಯಾವ ದೇಶವೂ ಮುಚ್ಚಲಾರದು, ಎಚ್ಚರಿಸಬಹುದಷ್ಟೇ. ಬೇರೆ ದೇಶದ ಹಡಗು ಆ ಪಟ್ಟೆಯ ಅಂಚಿನಲ್ಲಿ ಸುಳಿದರೆ ‘ನಮ್ಮ ನಿಷೇಧ ಮುರಿದರು’ ಎನ್ನಲಾಗದು.

ನೆಲದ ಮೇಲಿನ ಪ್ರಕಟಣೆಗಳು ಜನರ ಬದುಕಿಗೆ ಇನ್ನೂ ಹತ್ತಿರ. ಚಾಂದೀಪುರದಿಂದ ಹಾರಿಸುವ ಮುನ್ನ ಬಾಲಸೋರ್ ಜಿಲ್ಲಾಡಳಿತ ಸುತ್ತಲಿನ ಹಳ್ಳಿಯವರನ್ನು ಕೆಲ ಗಂಟೆ ಬೇರೆಡೆ ಕೂರಿಸುತ್ತದೆ. 2024ರ ಜುಲೈ 24ರ ಪರೀಕ್ಷೆಗೆ 3.5 ಕಿ.ಮೀ. ತ್ರಿಜ್ಯದೊಳಗಿನ ಹತ್ತು ಹಳ್ಳಿಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ತೆರವು ಮಾಡಿದ್ದರು. ಅದಕ್ಕೆ ಪರಿಹಾರವೂ ಉಂಟು.

ಸೇನೆಯ ಫಿರಂಗಿ ಅಭ್ಯಾಸಕ್ಕೆ ಆಧಾರ 1938ರ ಒಂದು ಕಾಯ್ದೆ. ಇದರಡಿ ಪ್ರದೇಶವನ್ನೂ ಅವಧಿಯನ್ನೂ ಅಧಿಸೂಚಿಸುವುದು ರಾಜ್ಯ ಸರ್ಕಾರ, ಸೇನೆಯಲ್ಲ. ಓದುವಾಗ ಎರಡು ಗಡಿಗಳನ್ನು ಬೇರೆ ಮಾಡಿಕೊಳ್ಳಿ. ಅಧಿಸೂಚಿತ ಪ್ರದೇಶ ದೊಡ್ಡದು, ವರ್ಷಗಟ್ಟಲೆ ಊರ್ಜಿತ. ಅಪಾಯ ವಲಯ ಅದರೊಳಗಿನ ಭಾಗ, ಗುಂಡು ಹಾರುವ ದಿನಗಳಲ್ಲಿ ಮಾತ್ರ ಜನರನ್ನು ಹೊರಗಿಡುವ ಜಾಗ. ಬೆಳೆ, ಆಸ್ತಿ ಹಾಳಾದರೆ ಪರಿಹಾರ ಕೇಳುವ ಹಕ್ಕು ಅದೇ ಕಾಯ್ದೆಯಲ್ಲಿದೆ; ನಷ್ಟ ಅಂದಾಜು ಮಾಡುವುದು ಕಂದಾಯ ಅಧಿಕಾರಿ. ಆದ್ದರಿಂದ ಹಾನಿಯಾದ ಹೊಲದ ಫೋಟೊ, ಪಹಣಿ, ಅಂದಿನ ಪ್ರಕಟಣೆಯ ಪ್ರತಿ ಮೂರನ್ನೂ ತಹಶೀಲ್ದಾರರಿಗೆ ಕೊಡಬೇಕು, ಸೇನಾ ಶಿಬಿರದ ಗೇಟಿನಲ್ಲಿ ಅಲ್ಲ. ಅಧಿಸೂಚನೆಯ ಕೊನೆಯ ತಾರೀಖು ಎಷ್ಟು ಮುಖ್ಯ ಎಂಬುದಕ್ಕೆ ಜಾರ್ಖಂಡಿನ ನೇತರ್‌ಹಾಟ್ ಸಾಕ್ಷಿ. 245 ಹಳ್ಳಿಗಳಿಗೆ ಸಂಬಂಧಿಸಿದ ಆ ಅಭ್ಯಾಸ ಪ್ರದೇಶದ ಅವಧಿ 2022ರ ಮೇ 11ಕ್ಕೆ ಮುಗಿಯಿತು. ಸುಮಾರು ಮೂರು ದಶಕ ಹೋರಾಡಿದ್ದ ಜನರ ಒತ್ತಾಯದಂತೆ ರಾಜ್ಯ ಸರ್ಕಾರ ಅದನ್ನು ಮುಂದುವರಿಸಲಿಲ್ಲ.

ಬೆಂಗಳೂರಿನವರಿಗೆ ಪರಿಚಯದ ಪ್ರಕಟಣೆ ಇನ್ನೊಂದಿದೆ: ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಹೊತ್ತಿನ ಮಾಂಸ ಮಾರಾಟ ನಿಷೇಧ. 2025ರಲ್ಲಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಯಲಹಂಕ ವಾಯುನೆಲೆಯಿಂದ 13 ಕಿ.ಮೀ. ಸುತ್ತ ಜಾರಿಯಲ್ಲಿತ್ತು. ಹೊರಡಿಸಿದ್ದು ಪಾಲಿಕೆ, ಆಧಾರ 1937ರ ವಿಮಾನ ನಿಯಮಗಳ 91ನೇ ನಿಯಮ. ಕಾರಣ ಹದ್ದುಗಳು. ಚೆಲ್ಲಿದ ಮಾಂಸಕ್ಕೆ ಅವು ಗುಂಪುಗೂಡಿದರೆ ತಗ್ಗಿನಲ್ಲಿ ಹಾರುವ ಯುದ್ಧವಿಮಾನದ ಎಂಜಿನ್‌ಗೆ ಬಡಿಯುತ್ತವೆ. ಇದನ್ನು ಆಹಾರ ರಾಜಕೀಯವೆಂದು ಜಗಳಾಡುವವರು ನಿಯಮವನ್ನು ಒಮ್ಮೆ ಓದಬೇಕು. ಅದು ಹಕ್ಕಿಗಳನ್ನು ಸೆಳೆಯುವ ಕಸ ಸುರಿಯುವುದನ್ನೂ ತಡೆಯುತ್ತದೆ. ವರ್ಷವಿಡೀ ಕಸದ ಆ ಭಾಗವನ್ನು ಜಾರಿಗೆ ತರದೆ ಪ್ರದರ್ಶನದ ತಿಂಗಳಲ್ಲಿ ಅಂಗಡಿ ಮುಚ್ಚಿಸುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಬೇಕಾದರೆ ಕೇಳಬಹುದು.

ಅಭ್ಯಾಸ ಪ್ರದೇಶದ ಪ್ರಕಟಣೆಗಳಲ್ಲಿ ಸಿಡಿಯದ ಗುಂಡುಗಳ ಬಗ್ಗೆ ಎಚ್ಚರಿಕೆ ಇದ್ದರೆ ಅದಕ್ಕೆ ಅವಧಿಯ ಮಿತಿ ಇಲ್ಲ. ಅಭ್ಯಾಸ ಮುಗಿದು ವರ್ಷಗಳಾದ ಮೇಲೂ ಮಣ್ಣಿನಿಂದ ಮೇಲೆದ್ದ ಲೋಹದ ಚೂರು ಸಿಡಿಯಬಹುದು. ಗುಜರಿ ತೂಕಕ್ಕೆ ಎತ್ತಬೇಡಿ, ಕಲ್ಲು ಎಸೆದು ಪರೀಕ್ಷಿಸಬೇಡಿ, ಪಕ್ಕದಲ್ಲಿ ನಿಂತು ಫೋನ್ ಮಾಡಬೇಡಿ. ಬಂದ ದಾರಿಯಲ್ಲೇ ಹಿಂದೆ ಸರಿದು, ದೂರದಿಂದ ಕಾಣುವಂತೆ ಬಟ್ಟೆಯೊಂದನ್ನು ಕಟ್ಟಿ, ಸಾಕಷ್ಟು ದೂರ ಹೋದ ಮೇಲೆ 112ಕ್ಕೆ ಕರೆ ಮಾಡಿ.