ಭಾನುವಾರ ಬಿಟ್ಟರೆ ಉಳಿದ ಆರು ದಿನ ನಿಮ್ಮ ಭಕ್ತಿ ಎಲ್ಲಿರುತ್ತೆ?

ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳಿದ್ದಾರೆ. ಚುಚ್ಚುವುದಕ್ಕೆ ಕೇಳುವವರು ಕಡಿಮೆ. ಚಹಾ ಕುಡಿಯುವಾಗ, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತಾಗ, ಸುಮ್ನೆ ತಿಳಿದುಕೊಳ್ಳೋಣ ಅಂತ ಕೇಳುತ್ತಾರೆ. "ನಮ್ಮ ಮನೇಲಿ ಬೆಳಿಗ್ಗೆ ಎದ್ದರೆ ದೀಪ ಹಚ್ತೀವಿ, ವಾರಕ್ಕೊಂದು ಒಪ್ಪೊತ್ತು ಇರುತ್ತೆ. ಪಕ್ಕದ ಮನೆ ಸಾಬರು ದಿನಕ್ಕೆ ಐದು ಸಲ ನಮಾಜು ಮಾಡ್ತಾರೆ. ನೀವು ಭಾನುವಾರ ಚರ್ಚಿಗೆ ಹೋಗಿ ಬಂದರೆ ಮುಗೀತು. ಉಳಿದ ಆರು ದಿನ?"

ನಮ್ಮ ಚರ್ಚಿನ ಸಭೆಯ ಹುಡುಗರು ಇದನ್ನೇ ಬೇರೆ ಥರ ಕೇಳುತ್ತಾರೆ. "ಅಂಕಲ್, ಕೆಲಸಕ್ಕೆ ಹೋದ ಮೇಲೆ ವಿಶ್ವಾಸಿಯಾಗಿ ಇರೋದು ಅಂದ್ರೆ ಏನು ಮಾಡಬೇಕು?"

ಇಬ್ಬರಿಗೂ ನನ್ನ ಉತ್ತರ ಒಂದೇ. ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಹಾಕುವುದು, ತೂಕ ಬರೆಯುವುದು, ಬಟವಾಡೆ ಮಾಡುವುದು ನನ್ನ ಕೆಲಸ. ಕುಯ್ಲಿನ ಕಾಲದಲ್ಲಿ ಸಂಜೆ ನಾಲ್ಕು ಗಂಟೆಗೆ ತೂಕದ ಹತ್ತಿರ ಬನ್ನಿ ಅನ್ನುತ್ತೇನೆ. ನನ್ನ ಭಕ್ತಿ ನಿಜವಾದರೆ ಅಲ್ಲಿ ಕಾಣಬೇಕು. ಅಲ್ಲಿ ಕಾಣದಿದ್ದರೆ ಭಾನುವಾರ ನಾನು ಎಷ್ಟು ಚೆನ್ನಾಗಿ ಕೀರ್ತನೆ ಹಾಡಿದರೂ ಏನು ಬಂತು?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ರೊಬಸ್ಟಾ ಕಾಫಿಯ ಕುಯ್ಲು ಹೆಚ್ಚುಕಮ್ಮಿ ಜನವರಿಯಿಂದ ಮಾರ್ಚ್‌ವರೆಗೆ. ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಹಣ್ಣು ಉದುರಿಸುತ್ತಾರೆ. ಎಲೆ, ಕಡ್ಡಿ ಆರಿಸಿ ಚೀಲಕ್ಕೆ ತುಂಬುತ್ತಾರೆ. ಇಳಿಜಾರಿನಿಂದ ತಲೆ ಮೇಲೆ ಹೊತ್ತು ರಸ್ತೆವರೆಗೆ ತರುತ್ತಾರೆ. ಕೆ.ಜಿ. ಲೆಕ್ಕದಲ್ಲಿ ಕೂಲಿ. ಒಂದೊಂದೇ ಚೀಲ ತಕ್ಕಡಿಯ ಕೊಕ್ಕೆಗೆ ಏರುತ್ತದೆ. ನಾನು ನೋಡಿ ಹೇಳುತ್ತೇನೆ, ಬರೆಯುತ್ತೇನೆ.

ನೋಡಿ ಬರೆಯುವ ಆ ಒಂದು ಗಳಿಗೆಯಲ್ಲಿ ಎಷ್ಟು ಬೇಕಾದರೂ ಮೋಸ ಮಾಡಬಹುದು. ಚೀಲ ಇನ್ನೂ ಓಲಾಡುತ್ತಿರುವಾಗಲೇ ಅಂಕಿ ಹೇಳಿಬಿಡಬಹುದು. ಗ್ರಾಂ ಬಿಟ್ಟು ಬರೀ ಕೆ.ಜಿ. ಬರೆಯಬಹುದು. ಚೀಲದ ತೂಕ ಅಂತ ಒಂದು ಕೆ.ಜಿ. ಮುರಿಯಬಹುದು, ಖಾಲಿ ಪ್ಲಾಸ್ಟಿಕ್ ಚೀಲ ಅಷ್ಟು ತೂಗುವುದೇ ಇಲ್ಲ. ಕಸ ಜಾಸ್ತಿ ಅಂತ ಇನ್ನೊಂದಿಷ್ಟು. ಕೇಳುವವರು ಯಾರು? ಕುಯ್ದವರಲ್ಲಿ ಎಷ್ಟೋ ಜನಕ್ಕೆ ಓದು ಬರುವುದಿಲ್ಲ. ಅಸ್ಸಾಮಿನಿಂದ ಬಂದವರಿಗೆ ಕನ್ನಡ ಬರುವುದಿಲ್ಲ. ತೋಟದ ಕೆಲಸದವರ ಲೈನ್‌ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಎಲ್ಲಾ ಗೊತ್ತಾಗುತ್ತದೆ, ಆದರೆ ನಾಳೆಯೂ ಇದೇ ತೋಟಕ್ಕೆ ಬರಬೇಕಲ್ಲ ಅಂತ ಬಾಯಿ ಬಿಡುವುದಿಲ್ಲ.

ಹೋದ ಕುಯ್ಲಿನಲ್ಲಿ ಒಂದು ಸಂಜೆ, ವಯಸ್ಸಾದ ಅಕ್ಕ ಒಬ್ಬರ ಚೀಲ ಕೊಕ್ಕೆಗೆ ಹಾಕಿದ್ದರು. ತೂಕಕ್ಕೆ ನಿಂತಿದ್ದ ಹುಡುಗ "ಮೂವತ್ತೊಂದು" ಅಂತ ಕೂಗಿದ. ಚೀಲ ನಿಲ್ಲಲಿ ಅಂದೆ. ನಿಂತಿತು. 31 ಕೆ.ಜಿ. 700 ಗ್ರಾಂ. ಖಾಲಿ ಚೀಲ ಬೇರೆ ತೂಗಿ ಅದನ್ನಷ್ಟೇ ಕಳೆದು ಬರೆದೆ. ಹಿಂದೆ ಸಾಲು ಉದ್ದ ಇತ್ತು, ಕತ್ತಲಾಗುತ್ತಿತ್ತು. "ಬಿಡಿ ರೈಟರ್ರೇ, ಅಷ್ಟಕ್ಕೆಲ್ಲ ಯಾಕೆ" ಅಂದರು ಅಕ್ಕ. "ನಿಮ್ಮದನ್ನ ಬಿಡೋಕೆ ನಾನ್ಯಾರು ಅಕ್ಕ" ಅಂದೆ. ದೊಡ್ಡ ಮೊತ್ತವೇನಲ್ಲ ಅದು. ಆದರೆ ಸಾಲಿನಲ್ಲಿರುವ ಪ್ರತಿ ಚೀಲದಿಂದ ಅಷ್ಟಷ್ಟು ಬಿಟ್ಟರೆ, ಒಂದು ಕುಯ್ಲಿಗೆ ಅದು ಎಷ್ಟೋ ಮನೆಗಳ ಅಕ್ಕಿ.

ಬೈಬಲಿನಲ್ಲಿ ಇದಕ್ಕೆಲ್ಲ ಜಾಗ ಇದೆಯಾ ಅಂತ ಕೆಲವರಿಗೆ ಆಶ್ಚರ್ಯ. ಇದೆ, ಬೇಕಾದಷ್ಟಿದೆ. ದೊಡ್ಡದೊಂದು ಚಿಕ್ಕದೊಂದು, ಹೀಗೆ ಎರಡು ಥರದ ತೂಕದ ಕಲ್ಲು ಚೀಲದಲ್ಲಿ ಇಟ್ಟುಕೊಳ್ಳಬೇಡ ಅಂತ ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಹೇಳುತ್ತದೆ. ನನಗೆ ಅದಕ್ಕಿಂತ ಹತ್ತಿರವಾದದ್ದು ಯಾಜಕಕಾಂಡದ 19ನೇ ಅಧ್ಯಾಯ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತನ್ನು ಎಲ್ಲರೂ ಯೇಸುವಿನ ಮಾತು ಅಂತ ಬಲ್ಲರು. ಯೇಸು ಅದನ್ನು ತೆಗೆದುಕೊಂಡದ್ದು ಈ ಅಧ್ಯಾಯದಿಂದಲೇ, 18ನೇ ವಚನ. ಅದಕ್ಕೆ ಸ್ವಲ್ಪ ಮೇಲೆ, 13ನೇ ವಚನದಲ್ಲಿ, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ ಇದೆ. ಕೆಳಗೆ ಬಂದರೆ ತಕ್ಕಡಿ, ತೂಕ, ಅಳತೆ ಸರಿ ಇರಲಿ ಅಂತ ಇದೆ. ನಾವು ನಡುವಿನ ಪ್ರೀತಿಯ ವಚನವೊಂದನ್ನು ಕಿತ್ತುಕೊಂಡು ಕ್ಯಾಲೆಂಡರಿನ ಮೇಲೆ ಹಾಕಿಕೊಂಡೆವು. ಕೂಲಿಯನ್ನೂ ತಕ್ಕಡಿಯನ್ನೂ ಅಲ್ಲೇ ಬಿಟ್ಟುಬಿಟ್ಟೆವು. ಅದು ನನಗೆ ನಿಜವಾಗಿಯೂ ಬೇಜಾರು.

ಈ ವಿಷಯ ನನಗೆ ಇಷ್ಟು ಹತ್ತಿರ ಯಾಕೆ ಅಂದರೆ ನಮ್ಮ ಹಿರಿಯರು ತಕ್ಕಡಿಯ ಆಚೆ ಬದಿಯಲ್ಲಿ ನಿಂತವರು. "ನೀವು ಯಾವಾಗ ಕ್ರೈಸ್ತರಿಗೆ ಸೇರಿದ್ದು?" ಅಂತಲೂ ಕೇಳುತ್ತಾರಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ಕೊಡಗಿಗೆ ಕ್ರೈಸ್ತರು ನಿನ್ನೆ ಮೊನ್ನೆ ಬಂದವರಲ್ಲ. ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು ನೆಲೆ ನಿಲ್ಲಿಸಿದ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಶುರುವಾದದ್ದು ಹಾಗೆ. ನಮ್ಮದು ಬೇರೆ ದಾರಿ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಸ್ವಂತ ಭೂಮಿ ಇಲ್ಲದೆ ಇನ್ನೊಬ್ಬರ ಗದ್ದೆಯಲ್ಲಿ ತಲೆಮಾರುಗಟ್ಟಲೆ ದುಡಿದ ಕುಟುಂಬಗಳಿಗಾಗಿ ಆನಂದಪುರ ಅನ್ನುವ ಊರು ಕಟ್ಟಿದರು. ನಮ್ಮ ಅಜ್ಜನ ಕಡೆಯವರ ಬೇರು ಅಲ್ಲಿದೆ. ಅಳೆದು ಕೊಟ್ಟಷ್ಟು ಭತ್ತ ತೆಗೆದುಕೊಂಡು, ಸರಿಯಾ ತಪ್ಪಾ ಅಂತ ಕೇಳುವ ಹಾಗೂ ಇಲ್ಲದೆ ಮನೆಗೆ ಹೋದವರ ಮೊಮ್ಮಗ ನಾನು. ಈಗ ಅಳೆಯುವವನ ಜಾಗದಲ್ಲಿ ನಿಂತಿದ್ದೇನೆ. ದೇವರು ನನ್ನನ್ನು ಸುಮ್ನೆ ಇಲ್ಲಿ ತಂದು ನಿಲ್ಲಿಸಿಲ್ಲ ಅಂತ ನಂಬಿದ್ದೇನೆ.

ಹಾಗಾದರೆ ಪ್ರಾರ್ಥನೆ ಬೇಡವಾ, ಒಳ್ಳೆಯವನಾಗಿದ್ದರೆ ಸಾಕಾ ಅಂತ ಕೇಳಬಹುದು. ಖಂಡಿತ ಬೇಕು. ಪ್ರಾರ್ಥನೆ ಇಲ್ಲದೆ ನನ್ನಿಂದ ಇದು ಆಗುವುದಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅಂತ ಯೇಸು ಹೇಳಿದ್ದಾನೆ, ಮತ್ತಾಯ 6ನೇ ಅಧ್ಯಾಯ. ನಮ್ಮ ಭಕ್ತಿ ಹೊರಗೆ ಕಾಣದಿರುವುದಕ್ಕೆ ಅದೂ ಒಂದು ಕಾರಣ. ಬೆಳಿಗ್ಗೆ ಹೆಂಡತಿ ಒಲೆ ಹಚ್ಚುವ ಹೊತ್ತಿಗೆ ನಾನು ಒಳಗಿನ ಕೋಣೆಯಲ್ಲಿ ಕೂರುತ್ತೇನೆ. ಒಂದು ಕೀರ್ತನೆ ಓದುತ್ತೇನೆ. ಆಮೇಲೆ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ತೆಗೆದು ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ಹೇಳುತ್ತೇನೆ. ಇವಳ ಮಗುವಿಗೆ ಜ್ವರ. ಇವನು ಕುಡಿತ ಬಿಟ್ಟು ಸ್ವಲ್ಪ ದಿನ ಆಯ್ತು, ಕಾಪಾಡು. ಈ ಹುಡುಗನ ಅಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ. ಒಬ್ಬೊಬ್ಬರ ಬಗ್ಗೆ ನನಗೆ ಏನೂ ಗೊತ್ತಿರುವುದಿಲ್ಲ, ಹೆಸರಷ್ಟೇ ಹೇಳುತ್ತೇನೆ. ಹಾಗೆ ಹೆಸರು ಮಾತ್ರ ಗೊತ್ತಿರುವವರನ್ನು ಅವತ್ತು ಮಾತಾಡಿಸಲೇಬೇಕು ಅನಿಸುತ್ತದೆ.

ಬೆಳಿಗ್ಗೆ ದೇವರ ಮುಂದೆ ಹೇಳಿದ ಹೆಸರಿನ ಎದುರು ಸಂಜೆ ಕಮ್ಮಿ ತೂಕ ಬರೆಯಲು ಕೈ ಬರುವುದಿಲ್ಲ. ನನ್ನ ಅನುಭವದಲ್ಲಿ ಪ್ರಾರ್ಥನೆಗೂ ದಿನದ ಕೆಲಸಕ್ಕೂ ಇರುವ ಸಂಬಂಧ ಇಷ್ಟು ನೇರ.

ಇನ್ನು ಕೆಲವರು ದನಿ ತಗ್ಗಿಸಿ ಕೇಳುತ್ತಾರೆ: "ಕೂಲಿಯವರನ್ನ ಚರ್ಚಿಗೆ ಕರೀತೀರಾ?" ಕರೆಯುವುದಿಲ್ಲ. ನನ್ನ ವಿಶ್ವಾಸವನ್ನು ನಾನು ಮುಚ್ಚಿಡುವುದಿಲ್ಲ. ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಕಾಯಿಲೆ ಬಿದ್ದಾಗ "ನಿಮ್ಮ ದೇವರ ಹತ್ರ ಒಂದು ಮಾತು ಹೇಳಿ ಸಾರ್" ಅಂದವರಿಗಾಗಿ ಅಲ್ಲೇ ನಿಂತು ಪ್ರಾರ್ಥಿಸಿದ್ದೇನೆ. ಆದರೆ ಚೆಕ್‌ರೋಲ್ ನನ್ನ ಕೈಯಲ್ಲಿದೆ. ಯಾರಿಗೆ ಯಾವ ಕೆಲಸ, ಯಾರಿಗೆ ಎಷ್ಟು ಅಡ್ವಾನ್ಸ್ ಅನ್ನುವುದರಲ್ಲಿ ನನ್ನ ಮಾತು ನಡೆಯುತ್ತದೆ. ಅಂಥವನು ಬಾ ಅಂದರೆ ಬರುವುದಿಲ್ಲ ಅನ್ನಲು ಅವರಿಗೆ ಆಗುತ್ತದಾ? ಬೇಡ ಅನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಕರೆಯುವುದು ಯೇಸು ಕರೆದ ರೀತಿ ಅಲ್ಲ. ಅವನು ಕರೆದಾಗ ಬೇಸರದಿಂದ ತಿರುಗಿ ಹೋದ ಶ್ರೀಮಂತ ಯುವಕನನ್ನು ಅವನು ತಡೆದು ನಿಲ್ಲಿಸಲಿಲ್ಲ.

ಆನೆಯ ವಿಷಯ ಹೇಳದೆ ನಮ್ಮ ಕಡೆಯ ತೋಟದ ಮಾತು ಮುಗಿಯುವುದಿಲ್ಲ. ಹಲಸಿನ ಕಾಲದಲ್ಲಂತೂ ಕಾಡಾನೆ ಯಾವಾಗ ಯಾವ ಬ್ಲಾಕಿನಲ್ಲಿ ನಿಂತಿರುತ್ತದೋ ಗೊತ್ತಾಗುವುದಿಲ್ಲ. ಕಾಫಿ ಗಿಡದ ನಡುವೆ ಮಂಜಿನಲ್ಲಿ ಆನೆ ಹತ್ತಿರ ಹೋದರೂ ಕಾಣುವುದಿಲ್ಲ. ಬೆಳಿಗ್ಗೆ ಹಸಿ ಲದ್ದಿ ಸಿಕ್ಕರೆ ಆ ಬ್ಲಾಕಿಗೆ ಜನ ಬಿಡುವುದಿಲ್ಲ ಅಂತ ಸಾಹುಕಾರರಿಗೆ ಹೇಳಿಬಿಡುತ್ತೇನೆ. ಕೆಲಸ ನಿಂತರೆ ನಷ್ಟ ಅವರಿಗೆ, ಆ ದಿನದ ಕೂಲಿ ಹೋದರೆ ನಷ್ಟ ಕೆಲಸದವರಿಗೆ. ಅದಕ್ಕೆ ಕಣದಲ್ಲೋ ನರ್ಸರಿಯಲ್ಲೋ ಬೇರೆ ಕೆಲಸ ಹುಡುಕಿ ಹಾಜರಿ ಉಳಿಸಬೇಕು. ದೇವರು ಕಾಪಾಡುತ್ತಾನೆ ಹೋಗಿ ಅಂತ ಇನ್ನೊಬ್ಬರನ್ನು ಆನೆಯ ಬಾಯಿಗೆ ಕಳಿಸುವುದು ವಿಶ್ವಾಸ ಅಲ್ಲ. ದೇವರನ್ನು ಪರೀಕ್ಷಿಸಬೇಡ ಅಂತ ಯೇಸುವೇ ಸೈತಾನನಿಗೆ ಹೇಳಿದ್ದಾನೆ.

ಕ್ಷಮೆ ಅನ್ನುವುದು ಇದೆಲ್ಲಕ್ಕಿಂತ ಕಷ್ಟ. ಕುಯ್ಲಿಗೆ ಮೊದಲು ಅಡ್ವಾನ್ಸ್ ತೆಗೆದುಕೊಂಡು ಅರ್ಧದಲ್ಲಿ ಬಿಟ್ಟು ಹೋಗುವವರು ಪ್ರತಿ ತೋಟದಲ್ಲೂ ಇರುತ್ತಾರೆ. ಹಾಗೆ ಹೋದವನೊಬ್ಬ ಸಂತೆಯಲ್ಲಿ ಎದುರು ಸಿಕ್ಕ. ನನ್ನನ್ನು ನೋಡಿ ಮುಖ ತಿರುಗಿಸಿದ. ನಮ್ಮ ತಪ್ಪುಗಳನ್ನು ಕ್ಷಮಿಸು ಅಂತ ನಾನು ದಿನಾ ಬೇಡುವವನು. ಆದರೆ ಆ ದುಡ್ಡು ಸಾಹುಕಾರರದು, ಅದನ್ನು ಮನ್ನಾ ಮಾಡಲು ನನಗೆ ಅಧಿಕಾರ ಇಲ್ಲ. ನನ್ನ ಕೈಯಲ್ಲಿ ಇದ್ದದ್ದು ಇಷ್ಟೇ: ಅವನು ಈಗ ಕೆಲಸ ಮಾಡುವ ತೋಟಕ್ಕೆ ಫೋನ್ ಮಾಡಿ ಅವನ ಹೆಸರು ಕೆಡಿಸದೆ ಇರುವುದು. ಸಂತೆಯಲ್ಲೇ ಹತ್ತಿರ ಹೋಗಿ ಹೆಂಡತಿ ಮಕ್ಕಳು ಹೇಗಿದ್ದಾರೆ ಅಂತ ಕೇಳಿದೆ. ಸ್ವಲ್ಪ ಸ್ವಲ್ಪವಾಗಿ ಕೊಡು, ಸಾಹುಕಾರರ ಹತ್ರ ನಾನು ಮಾತಾಡ್ತೀನಿ ಅಂದೆ. ಇನ್ನೂ ಕೊಟ್ಟಿಲ್ಲ. ಕೊಡಬಹುದು.

ಕೊಡವರ ಸುಗ್ಗಿ ಹಬ್ಬ ಪುತ್ತರಿಯ ಪ್ರಶ್ನೆಯೂ ಬರುತ್ತದೆ. ಕೊಡವ ನೆರೆಯವರು ಕರೆದರೆ ಹೋಗುತ್ತೀರಾ, ಊಟ ಮಾಡುತ್ತೀರಾ? ಹೋಗುತ್ತೇನೆ. ಹುಣ್ಣಿಮೆಯ ರಾತ್ರಿ ಗದ್ದೆಯಲ್ಲಿ ಗುಂಡು ಹಾರಿಸಿ ಕದಿರು ತೆಗೆಯುವುದನ್ನು, "ಪೊಲಿ ಪೊಲಿ ದೇವಾ" ಅನ್ನುವ ಕೂಗನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಅವರ ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯ ದೀಪದ ಮುಂದೆ ನಾನು ಕೈ ಮುಗಿಯುವುದಿಲ್ಲ ಅನ್ನುವುದು ಆ ಮನೆಯವರಿಗೆ ಗೊತ್ತು. ಅವರು ಒತ್ತಾಯ ಮಾಡುವುದಿಲ್ಲ. ಹೊಸ ಅಕ್ಕಿಯ ಪಾಯಸ ಕೊಟ್ಟರೆ ದೇವರಿಗೆ ಸ್ತೋತ್ರ ಹೇಳಿ ಉಣ್ಣುತ್ತೇನೆ. ನಮ್ಮ ಸಭೆಯಲ್ಲೇ ಉಣ್ಣದವರೂ ಇದ್ದಾರೆ. ಅವರ ಮನಸ್ಸಾಕ್ಷಿ ಅವರದು. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಅದನ್ನೇ: ತಿನ್ನುವವನು ತಿನ್ನದವನನ್ನು ಹೀನಾಯವಾಗಿ ನೋಡಬಾರದು, ತಿನ್ನದವನು ತಿನ್ನುವವನನ್ನು ತೀರ್ಪು ಮಾಡಬಾರದು. ಕ್ರಿಸ್‌ಮಸ್ಸಿಗೆ ಅವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಇದರ ಬಗ್ಗೆ ಜಾಸ್ತಿ ಹೇಳುವುದಕ್ಕೇನೂ ಇಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಎಲ್ಲ ಧರ್ಮದವರೂ ಓಡಿ ಬಂದರು. ಅಕ್ಕಿ, ಬಟ್ಟೆ, ಕಂಬಳಿ ರಾಶಿ ಬಿತ್ತು. ಅದು ದೊಡ್ಡ ಮಾತೇ. ಆದರೆ ಟಿವಿಯವರು ಹೋದ ಮೇಲೆ, ಮನೆಯ ಜೊತೆ ಕಾಗದಪತ್ರವನ್ನೂ ಮಣ್ಣಿನಲ್ಲಿ ಕಳೆದುಕೊಂಡವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಅವರ ಜೊತೆ ಹೋಗಿ ಅರ್ಜಿ ಬರೆದುಕೊಡಲು, ಸಾಲಿನಲ್ಲಿ ನಿಲ್ಲಲು ಜನ ಬೇಕಿತ್ತು. ನಮ್ಮ ಸಭೆಯ ಒಬ್ಬ ನಿವೃತ್ತ ಟೀಚರ್ ತಿಂಗಳುಗಟ್ಟಲೆ ಆ ಕೆಲಸ ಮಾಡಿದರು. ಆರು ದಿನದ ಭಕ್ತಿ ಹೇಗಿರುತ್ತದೆ ಅಂತ ಹುಡುಗರು ಕೇಳಿದಾಗ ನಾನು ಆ ಟೀಚರನ್ನು ತೋರಿಸುತ್ತೇನೆ.

ಎಲ್ಲಿಂದ ಶುರು ಮಾಡಬೇಕು ಅಂತ ಹುಡುಗರು ಕೊನೆಗೆ ಕೇಳುತ್ತಾರೆ. ಯಾಕೋಬನ ಪತ್ರಿಕೆ ಓದಿ ಅನ್ನುತ್ತೇನೆ. ಐದೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅಂತ ಐದನೇ ಅಧ್ಯಾಯದಲ್ಲಿ ಬರುತ್ತದೆ. ನಿಮ್ಮ ಕೈಕೆಳಗೆ ಒಬ್ಬರೇ ಒಬ್ಬರು ಕೆಲಸ ಮಾಡುತ್ತಿದ್ದರೂ ಸರಿ, ಮನೆಗೆಲಸದವರಾದರೂ ಸರಿ, ಸಂಬಳ ಕೊಡುವ ಹಿಂದಿನ ರಾತ್ರಿ ಆ ಭಾಗ ಓದಿ. ಬೆಳಿಗ್ಗೆ ಎದ್ದು ಲೆಕ್ಕದ ಪುಸ್ತಕ ಇನ್ನೊಂದು ಸಲ ನೋಡಿ.