ಗುಂಡಿ ತುಂಬಿದ ಮೇಲಿನ ಲೆಕ್ಕ

ಬೆಂಗಳೂರು, 21 ಜೂನ್ 2025, ಶನಿವಾರ

ನಿನ್ನೆ ವಿಶ್ವ ನಿರಾಶ್ರಿತರ ದಿನವಾಗಿದ್ದುದರಿಂದ ಶಿಬಿರದ ಮಕ್ಕಳ ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ರಾತ್ರಿಯವರೆಗೂ ಹರಿದಾಡಿದವು. ಇವತ್ತು ನನ್ನ ಮೇಜಿಗೆ ಬಂದದ್ದು ಅದೇ ವಿಷಯದ ಒಣ ರೂಪ. ನೆಲೆ ಕಳೆದುಕೊಂಡ ಕುಟುಂಬಗಳ ಶಿಬಿರವೊಂದಕ್ಕೆ ಶೌಚಾಲಯ ಮತ್ತು ಜೀವನೋಪಾಯದ ನೆರವು ಕೋರಿ ನಮ್ಮ ಟ್ರಸ್ಟಿಗೆ ಸಲ್ಲಿಸಿರುವ ಯೋಜನಾ ವರದಿ ಅದು. ಸೋಮವಾರದೊಳಗೆ ಅಭಿಪ್ರಾಯ ಬರೆದು ಕೊಡಬೇಕಾಗಿದೆ. ಜಯನಗರದ ಕಚೇರಿಯಲ್ಲಿ ಶನಿವಾರ ಫೋನಿನ ಕಾಟ ಕಡಿಮೆ; ಆದ್ದರಿಂದ ಅನುಬಂಧಗಳನ್ನೂ ಬಿಡದೆ ಓದಿದೆ.

ವರದಿಯ ಮೊದಲ ಭಾಗ ಶೌಚಾಲಯದ್ದು, ಎರಡನೆಯದು ಹೊಲಿಗೆ ಯಂತ್ರದ್ದು. ಎರಡಕ್ಕೂ ಬೇರೆ ಬೇರೆ ಬಜೆಟ್, ಬೇರೆ ಬೇರೆ ಹೊಣೆಗಾರರು. ಹೀಗೆ ಕತ್ತರಿಸಿಟ್ಟದ್ದರಲ್ಲಿಯೇ ತೊಡಕು ಆರಂಭವಾಗುತ್ತದೆ ಎಂಬುದು ನನ್ನ ಅನಿಸಿಕೆ. ಏಕೆಂದರೆ ಶಿಬಿರದ ಶೌಚಾಲಯಗಳು ಹಾಳಾಗುವುದು ಕಟ್ಟಿದ ದಿನದಲ್ಲಲ್ಲ, ಅವುಗಳನ್ನು ನೋಡಿಕೊಳ್ಳಲು ಸಂಬಳದ ಆಳು ಇಲ್ಲದಂತಾದ ದಿನದಲ್ಲಿ.

ಕಟ್ಟುವ ಲೆಕ್ಕದಲ್ಲಿ ವರದಿ ಬರೆದವರು ಜಾಣರು. ಹಲವು ಪರಿಹಾರ ಸಂಸ್ಥೆಗಳು ಸೇರಿ 1997ರಲ್ಲಿ ಆರಂಭಿಸಿದ ಸ್ಫಿಯರ್ ಮಾನದಂಡಗಳನ್ನು ಅವರು ಅಕ್ಷರಶಃ ಪಾಲಿಸಿದ್ದಾರೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ, ವಾಸದ ಜಾಗದಿಂದ ಅದಕ್ಕೆ 50 ಮೀಟರಿಗಿಂತ ಹೆಚ್ಚು ದೂರವಿರಬಾರದು, ಗಂಡಸರಿಗೆ ಒಂದು ಇದ್ದರೆ ಹೆಂಗಸರಿಗೆ ಮೂರು ಇರಬೇಕು, ಒಳಗಿನಿಂದ ಚಿಲಕ ಹಾಕಲು ಬರಬೇಕು. ಐದು ಜನರ ಮನೆಗೆ 15 ಲೀಟರಿನಂತೆ ದಿನಕ್ಕೆ 75 ಲೀಟರ್, ಅಂದರೆ ನಮ್ಮ ಬೀದಿ ನಲ್ಲಿಯ ಮುಂದೆ ಸಾಲಾಗಿ ಇಡುವ ಪ್ಲಾಸ್ಟಿಕ್ ಕೊಡಗಳಲ್ಲಿ ಸುಮಾರು ಐದು. ಅಡುಗೆ, ಸ್ನಾನ, ಬಟ್ಟೆ, ಶೌಚ ಎಲ್ಲವೂ ಅದರಲ್ಲೇ ಮುಗಿಯಬೇಕು. ಕಳೆದ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ಕುಳಿತ ಈ ನಗರದವರಿಗೆ ಆ ಐದು ಕೊಡ ಎಷ್ಟು ಬೇಗ ಬರಿದಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ವರದಿ ಮೌನ ತಾಳಿರುವುದು ಶೌಚಾಲಯದ ಗುಂಡಿ ತುಂಬಿದ ಮೇಲಿನ ಸಂಗತಿಯ ಬಗ್ಗೆ. 2017ರ ಆಗಸ್ಟಿನ ನಂತರ ಮ್ಯಾನ್ಮಾರಿನಿಂದ ಸುಮಾರು ಏಳು ಲಕ್ಷ ರೋಹಿಂಗ್ಯಾ ಜನ ಕೆಲವೇ ತಿಂಗಳಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಬಂದು ಸೇರಿದಾಗ, ಗುಡ್ಡದ ಇಳಿಜಾರುಗಳಲ್ಲಿ ಅವಸರವಸರವಾಗಿ ಆಳವಿಲ್ಲದ ಗುಂಡಿಗಳನ್ನು ತೋಡಿ ಶೌಚಾಲಯ ನಿಲ್ಲಿಸಲಾಯಿತು. ಎಷ್ಟೋ ಗುಂಡಿಗಳು ಬಹುಬೇಗ ತುಂಬಿದವು, ಕೆಲವಂತೂ ಕೈಪಂಪುಗಳ ಪಕ್ಕದಲ್ಲೇ ಇದ್ದವು. ಹೊಸದನ್ನು ತೋಡಲು ಜಾಗವೇ ಉಳಿದಿರಲಿಲ್ಲ. ಮಲತ್ಯಾಜ್ಯವನ್ನು ಹೊರಗೆ ಸಾಗಿಸಿ ಸಂಸ್ಕರಿಸುವ ವ್ಯವಸ್ಥೆ ಬಂದದ್ದು ಆಮೇಲೆ. ಜೋರ್ಡಾನಿನ ಝಾತರಿ ಶಿಬಿರ 2012ರಲ್ಲಿ ಆರಂಭವಾಯಿತು. ಅಲ್ಲಿನ ಸಿರಿಯಾದ ಕುಟುಂಬಗಳು ಸಾಮೂಹಿಕ ಶೌಚಾಲಯಗಳನ್ನು ಕಳಚಿ, ಅದೇ ಸಾಮಾನು ಬಳಸಿ ತಮ್ಮ ತಮ್ಮ ಬಿಡಾರದ ಬಳಿ ಸ್ವಂತದ್ದನ್ನು ಕಟ್ಟಿಕೊಂಡವು. ಅಧಿಕಾರಿಗಳು ಅದನ್ನು ಮೊದಮೊದಲು ಕಳ್ಳತನವೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ ಮನೆಮನೆಗೂ ಒಳಚರಂಡಿ ಜೋಡಿಸುವ ದಾರಿಯನ್ನೇ ಹಿಡಿಯಬೇಕಾಯಿತು. ನನಗಂತೂ ಆ ಕುಟುಂಬಗಳ ತೀರ್ಮಾನದಲ್ಲಿ ತಪ್ಪು ಕಾಣುವುದಿಲ್ಲ. ರಾತ್ರಿ ಹೊತ್ತು ಮಗಳನ್ನು ಕರೆದುಕೊಂಡು ಕತ್ತಲೆಯಲ್ಲಿ ಸಾಲು ನಿಲ್ಲುವುದಕ್ಕಿಂತ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೋದ ವಾರ ವೈಟ್‌ಫೀಲ್ಡ್ ಕಡೆಯ ಶೆಡ್ಡುಗಳಿಗೆ ಹೋಗಿದ್ದೆ. ಯಾದಗಿರಿ, ರಾಯಚೂರು ಕಡೆಯಿಂದ ಮಳೆ ಕೈಕೊಟ್ಟು, ಸಾಲ ತೀರದೆ ಬಂದವರು ಅಲ್ಲಿದ್ದಾರೆ. ಶಿಬಿರವೆಂಬ ಹೆಸರು ಅದಕ್ಕಿಲ್ಲ, ಆದ್ದರಿಂದ ಯಾವ ಮಾನದಂಡವೂ ಅಲ್ಲಿಗೆ ತಲುಪುವುದಿಲ್ಲ. ಮೂರು ಕಡೆ ತಗಡು, ಮುಂದೆ ಯಾವುದೋ ಚುನಾವಣೆಯ ಫ್ಲೆಕ್ಸ್ ಪರದೆ, ಚಿಲಕದ ಬದಲು ಗೂಟಕ್ಕೆ ಸಿಕ್ಕಿಸುವ ಸೈಕಲ್ ಟ್ಯೂಬಿನ ತುಂಡು. ಇಷ್ಟೇ ಅಲ್ಲಿನ ಶೌಚಾಲಯ. ಒಳಗಿನ ಬೇಸಿನ್ ಮಾತ್ರ ಹೊಳೆಯುವಷ್ಟು ಶುಚಿಯಾಗಿತ್ತು, ಆದರೆ ಅದರ ಮೇಲೆ ಕಲ್ಲಿಟ್ಟು ಮುಚ್ಚಿದ್ದರು.

"ಸಂಡಾಸ ಐತ್ರಿ ಅಕ್ಕಾರ, ಗುಂಡಿ ತುಂಬೇತಿ. ಗಾಡಿ ಒಳಗ ಬರಂಗಿಲ್ಲ, ಪೈಪು ಇಲ್ಲಿತನಕ ಮುಟ್ಟಂಗಿಲ್ಲ" ಎಂದರು ಅಲ್ಲಿನ ಹೆಂಗಸೊಬ್ಬರು. ಅವರ ಕೆಲಸವೇನೆಂದು ಕೇಳಿದೆ. ಎದುರಿಗೆ ಕಾಣುವ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್. "ದಿನಾ ಮಂದಿ ಬಾತ್‌ರೂಮ್ ತೊಳಿತೀನ್ರಿ, ನಾವ್ ನಸುಕಿನ್ಯಾಗ ಬಯಲಿಗೆ ಹೊಕ್ಕೀವಿ" ಎಂದು ನಗುತ್ತಲೇ ಹೇಳಿದರು. ಹೊಟ್ಟೆಪಾಡು ಮತ್ತು ನೈರ್ಮಲ್ಯ ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ವರದಿಯಲ್ಲಿ ಅವೆರಡರ ನಡುವೆ ಎಷ್ಟೋ ಪುಟಗಳ ಅಂತರವಿದೆ.

ಗುಂಡಿ ಖಾಲಿ ಮಾಡುವುದು ಅಸಾಧ್ಯವಾದ ವಿದ್ಯೆಯೇನಲ್ಲ. ನಮ್ಮ ದೇವನಹಳ್ಳಿಯಲ್ಲಿ 2015ರಿಂದ ಅಂಥ ಸಂಸ್ಕರಣಾ ಘಟಕವಿದೆ. ಒಳಚರಂಡಿಯಿಲ್ಲದ ಆ ಪಟ್ಟಣದ ಗುಂಡಿಗಳಿಂದ ಟ್ಯಾಂಕರ್ ಹೊತ್ತು ತರುವ ಕೆಸರನ್ನು, ದಿನಕ್ಕೆ 6,000 ಲೀಟರಿನವರೆಗೆ, ಅಲ್ಲಿ ಕೊಳೆಸಿ, ನೀರು ಬಸಿದು, ಹಾಸುಗಳ ಮೇಲೆ ಒಣಗಿಸಿ, ಹಸಿ ಕಸದೊಂದಿಗೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಟ್ಯಾಂಕರ್ ಚಾಲಕ, ಪಂಪು ಹಿಡಿಯುವವನು, ಹಾಸು ಕೆರೆಯುವವರು, ಗೊಬ್ಬರ ತುಂಬುವವರು ಹೀಗೆ ಇದರ ಸುತ್ತ ಇರುವುದೆಲ್ಲ ನಿತ್ಯದ ಕೂಲಿಯ ಕೆಲಸಗಳು. ಶಿಬಿರದೊಳಗೆ ಜೀವನೋಪಾಯ ಹುಡುಕುವವರು ಮೊದಲು ಇತ್ತ ನೋಡಬೇಕು.

ಆದರೆ ಹೀಗೆ ಬರೆಯುವಾಗ ಒಂದು ಅಳುಕೂ ಇದೆ. ನಮ್ಮ ದೇಶದಲ್ಲಿ ಈ ಕೆಲಸ ಯಾರ ಹೆಗಲಿಗೆ ಬೀಳುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮನುಷ್ಯರಿಂದ ಮಲ ಹೊರಿಸುವುದನ್ನೂ, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಶಿಬಿರವೆಂಬ ಕಾರಣಕ್ಕೆ ಅದರಲ್ಲಿ ವಿನಾಯಿತಿ ಇರಲಾಗದು. ಪಂಪು, ಬೂಟು, ಕೈಗವಸು, ತಿಂಗಳ ಸಂಬಳ ಇವಿಷ್ಟೂ ಇದ್ದರೆ ಮಾತ್ರ ಅದನ್ನು ಉದ್ಯೋಗವೆಂದು ಕರೆಯಬಹುದು. "ಕುಟುಂಬಗಳು ಸರದಿಯಂತೆ ಶುಚಿಗೊಳಿಸುವವು" ಎಂದು ವರದಿಯಲ್ಲಿ ಒಂದು ಸಾಲಿದೆ. ದಿನಗೂಲಿಗೆ ಹೋಗುವವರು ಸರದಿಯ ದಿನ ಕೂಲಿ ಬಿಟ್ಟು ಉಳಿಯುವುದಿಲ್ಲ. ನಾಲ್ಕನೆಯ ವಾರಕ್ಕೆ ಆ ಸರದಿ ಒಬ್ಬಿಬ್ಬರ ತಲೆಗೆ, ಅದೂ ಇಲ್ಲವೆನ್ನಲಾಗದವರ ತಲೆಗೆ ಕಟ್ಟಿರುತ್ತದೆ.

ಇನ್ನು ಹೊಲಿಗೆ ಯಂತ್ರ. ನಾನು ಓದಿದ ವರದಿಗಳಲ್ಲೆಲ್ಲ ಅದು ಇದ್ದೇ ಇರುತ್ತದೆ, ಊಟದೆಲೆಯ ಉಪ್ಪಿನ ಹಾಗೆ. ಯಂತ್ರ ಕೊಟ್ಟ ಫೋಟೋ ಸಿಗುತ್ತದೆ. ಹೊಲಿದದ್ದನ್ನು ಕೊಳ್ಳುವವರು ಯಾರು ಎಂಬುದಕ್ಕೆ ಒಂದು ಸಾಲೂ ಸಿಗುವುದಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪಾಠವಿದೆ. 1960ರ ಹೊತ್ತಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿಕೊಂಡರು, ಜಮಖಾನ ನೇಯ್ದರು. ಆದರೂ ಬೇಸಾಯವೊಂದೇ ಸಾಲದೆ ಬಂದಾಗ ಅನೇಕ ಕುಟುಂಬಗಳನ್ನು ಕಾಪಾಡಿದ್ದು ಚಳಿಗಾಲದ ಸ್ವೆಟರ್ ವ್ಯಾಪಾರ. ಲೂಧಿಯಾನದಿಂದ ಸಗಟಾಗಿ ಕೊಂಡು ಊರೂರಿಗೆ ಹೋಗಿ ಮಾರುವ ಈ ದಂಧೆಗೆ ಯಾವ ತರಬೇತಿ ಯೋಜನೆಯೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಊರು ಬಿಟ್ಟು ಹೊರಗೆ ಹೋಗಿ ಮಾರಲು ಅವಕಾಶ ಮತ್ತು ಸರಕು ಕೊಳ್ಳಲು ಸ್ವಲ್ಪ ಕೈಗಡ. ಕಾಕ್ಸ್ ಬಜಾರಿನ ಬೇಲಿಯೊಳಗಿನವರಿಗೆ ಆ ಅವಕಾಶವಿಲ್ಲ. ಅಲ್ಲಿ ಎಷ್ಟು ಯಂತ್ರ ಕೊಟ್ಟರೂ ಹೊಲಿದ ಬಟ್ಟೆ ಹೊರಗಿನ ಮಾರುಕಟ್ಟೆಗೆ ಹೋಗುವ ದಾರಿ ಇಕ್ಕಟ್ಟಿನದೇ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲೆಕ್ಕಪತ್ರ ನೋಡುವ ನಮ್ಮ ಹಿರಿಯರೊಡನೆ ಇದನ್ನೆಲ್ಲ ಹೇಳಿದೆ. ಮಜ್ಜಿಗೆ ಅನ್ನ ಕಲಸುತ್ತಾ ಕೇಳಿದರು: "ಅಲ್ಲಮ್ಮ, ಕಟ್ಟಿದ ಶೌಚಾಲಯದ ಮೇಲೆ ದಾನಿಗಳ ಹೆಸರು ಹಾಕಬಹುದು. ಗುಂಡಿ ಖಾಲಿ ಮಾಡಿದ್ದಕ್ಕೆ ಫಲಕ ಎಲ್ಲಿ ಹಾಕೋದು?" ತಮಾಷೆಯೆಂದೇ ನಕ್ಕೆ, ಆದರೆ ಈ ಕ್ಷೇತ್ರದ ನಿಜವಾದ ಅಡಚಣೆಯನ್ನು ಅಷ್ಟು ನೇರವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಟ್ಯಾಂಕರಿನ ಬೆನ್ನ ಮೇಲೆ ಹಾಕೋಣ ಸಾರ್ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಸಂಜೆ ಅಭಿಪ್ರಾಯ ಬರೆದು ಮುಗಿಸಿದೆ. ಹೊಲಿಗೆ ಯಂತ್ರಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ, ಉಳಿದ ಹಣವನ್ನು ಶುಚಿತ್ವದ ಕೆಲಸಗಾರರ ಎರಡು ವರ್ಷದ ಸಂಬಳಕ್ಕೂ ಸಣ್ಣ ವ್ಯಾಪಾರಿಗಳ ಕೈಗಡಕ್ಕೂ ಹಾಕಬೇಕು. ಟ್ಯಾಂಕರ್ ತಿರುಗುವಷ್ಟು ದಾರಿಯನ್ನು ನಕ್ಷೆಯಲ್ಲಿ ಈಗಲೇ ಬಿಡಬೇಕು. ಹೆಂಗಸರು ಮುಟ್ಟಿನ ಬಟ್ಟೆ ಒಗೆದು ಬಿಸಿಲಿಗೆ ಹಾಕಲು ಮರೆಯಾದ ಜಾಗ ಬೇಕು, ಅದು ಎಲ್ಲೆಂದು ಅವರನ್ನೇ ಕೇಳಬೇಕು. ಕೆಸರು ಯಾವ ಘಟಕಕ್ಕೆ ಹೋಗುತ್ತದೆ, ಅದು ಶಿಬಿರದಿಂದ ಎಷ್ಟು ದೂರ ಎಂಬುದಕ್ಕೆ ಲಿಖಿತ ಉತ್ತರ ಬರುವವರೆಗೆ ಮೊದಲ ಕಂತು ಬಿಡುಗಡೆಯಾಗಬಾರದು. ಕೊನೆಯ ಷರತ್ತು ಕಟುವಾಯಿತೆಂದು ಸಭೆಯಲ್ಲಿ ಯಾರಾದರೂ ಹೇಳಬಹುದು. ಅದನ್ನು ಸಡಿಲಿಸುವ ವಿಚಾರ ನನಗಿಲ್ಲ.