ಎರಡೂ ಕೈ ಮುಟ್ಟಬೇಕು

ನೆನಪಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂತು. 'ನೀವು ಬಟರ್‌ಫ್ಲೈ ಈಜಿನಲ್ಲಿ ಚಾಂಪಿಯನ್ ಆಗಿದ್ರಂತಲ್ಲ ಮೇಡಂ, ಅದರ ಬಗ್ಗೆ ಬರೀರಿ' ಅಂದರು. ಇದನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಬಟರ್‌ಫ್ಲೈನಲ್ಲಿ ನಾನು ಹೋಗಿದ್ದು ಒಂದೇ ಒಂದು ದೊಡ್ಡ ಸ್ಪರ್ಧೆಗೆ, ಅಲ್ಲಿ ನನ್ನ ಹೆಸರಿನ ಮುಂದೆ ಅನರ್ಹ ಅಂತ ಬರೆದರು. ಹಾಗಾಗಿ ನಿಜವಾದ ಚಾಂಪಿಯನ್ ಒಬ್ಬಳ ಕತೆಯನ್ನೂ ಸೇರಿಸಿಯೇ ಬರೀತೀನಿ. ಆಕೆಯನ್ನು ನಾನು ನೋಡಿಲ್ಲ. ಪರಿಚಯ ಮಾಡಿಸಿದ್ದು ನಮ್ಮ ಪಿ.ಟಿ. ಮೇಷ್ಟ್ರು.

ನಾನು ಪಿಯುಸಿಗೆ ಸೇರಿದ್ದು 1987ರಲ್ಲಿ. ಅಪ್ಪ ಚಿಕ್ಕಮಗಳೂರಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ನಾನು ಈಜು ಕಲಿತದ್ದು ಆ ತೋಟದ ಕೆರೆಯಲ್ಲೇ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು. ಮಳೆಗಾಲದಲ್ಲಿ ಕೆರೆ ತುಂಬಿ ನೀರು ಕೆಂಪಗಿರುತ್ತಿತ್ತು, ದೀಪಾವಳಿ ಹೊತ್ತಿಗೆ ತಿಳಿಯಾಗುತ್ತಿತ್ತು. ಫೆಬ್ರವರಿ ಬಂತೆಂದರೆ ನಮ್ಮ ಈಜು ಮುಗೀತು. ಹೂಮಳೆ ತಡವಾದ ವರ್ಷ ಗಿಡದ ಹೂವಿಗಾಗಿ ಕೆರೆಯ ನೀರೆಲ್ಲ ಸ್ಪ್ರಿಂಕ್ಲರ್‌ಗೆ ಹೋಗುತ್ತಿತ್ತು, ತಳದಲ್ಲಿ ಕೆಸರು ಮತ್ತು ಯಾರದೋ ಹಳೇ ಚಪ್ಪಲಿ ಕಾಣುತ್ತಿದ್ದವು. ಒಲಿಂಪಿಕ್ಸ್‌ಗೆ ತಯಾರಿ ಮಾಡುವವರಿಗೆ ಇಂಥ ಸಮಸ್ಯೆ ಇರಲಿಕ್ಕಿಲ್ಲ.

ಮೇಷ್ಟ್ರು ಭಾನುವಾರ ಲೂನಾದಲ್ಲಿ ಬರೋರು. ನಾನು ಈಜುತ್ತೇನೆ ಅಂತ ಅವರಿಗೆ ಗೊತ್ತಾಗಿದ್ದೇ ಆಕಸ್ಮಿಕ. ಕಾಲೇಜಿನಲ್ಲಿ ಹಾಜರಿ ಕಮ್ಮಿ ಯಾಕೆ ಅಂತ ಕೇಳಿದಾಗ, ಬಸ್ ತಪ್ಪಿತು ಅನ್ನುವ ಬದಲು ಕೆರೆಯಲ್ಲಿದ್ದೆ ಅಂದುಬಿಟ್ಟಿದ್ದೆ. ತೂಬಿನಿಂದ ಪಂಪ್‌ಹೌಸಿನವರೆಗೆ ಹಗ್ಗ ಹಿಡಿದು ಅಳೆದರು. ಐವತ್ತು ಮೀಟರಿಗೆ ಮೂರಡಿ ಕಮ್ಮಿ. 'ಸಾಕು' ಅಂದರು. ಅಮ್ಮನ ಷರತ್ತು ಎರಡು: ತಮ್ಮ ಜೊತೆಗಿರಬೇಕು, ಮೈ ತುಂಬ ಬಟ್ಟೆ ಇರಬೇಕು. ಚೂಡಿದಾರದ ಪ್ಯಾಂಟು, ತಮ್ಮನ ಟೀಶರ್ಟು ಹಾಕಿಕೊಂಡು ಬಟರ್‌ಫ್ಲೈ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ.

ಗೊತ್ತಿಲ್ಲದವರಿಗೆ ಒಂದು ಮಾತು. ಬಟರ್‌ಫ್ಲೈ ಹುಟ್ಟಿದ್ದು ಬ್ರೆಸ್ಟ್‌ಸ್ಟ್ರೋಕ್‌ನಿಂದ, ಅಂದರೆ ಕಪ್ಪೆಯ ಹಾಗೆ ಕೈಕಾಲು ಆಡಿಸುವ ಈಜಿನಿಂದ. ಕೈಯನ್ನು ನೀರಿನ ಮೇಲಿಂದ ಎಸೆದರೆ ಬೇಗ ಹೋಗಬಹುದು ಅಂತ ಕೆಲವರು ಕಂಡುಕೊಂಡರು, ಕೊನೆಗೆ ಅದನ್ನೇ ಬೇರೆ ಈಜು ಮಾಡಿದರು. ಒಲಿಂಪಿಕ್ಸ್‌ಗೆ ಬಂದಿದ್ದು 1956ರಲ್ಲಿ. ಎರಡೂ ಕೈ ಒಟ್ಟಿಗೆ, ಎರಡೂ ಕಾಲು ಒಟ್ಟಿಗೆ. ಕೈ ಒಂದು ಸುತ್ತು ಬರುವಷ್ಟರಲ್ಲಿ ಕಾಲು ಎರಡು ಏಟು: ಕೈ ನೀರಿಗೆ ಬಿದ್ದಾಗ ಒಂದು, ನೀರಿನಿಂದ ಏಳುವಾಗ ಇನ್ನೊಂದು. ಜನ ತೋಳಿನ ಬಲ ಅಂದುಕೊಳ್ಳುತ್ತಾರೆ. ಬಲ ಇರೋದು ಎದೆ, ಸೊಂಟದಲ್ಲಿ. ಮೇಷ್ಟ್ರು ಹೇಳುತ್ತಿದ್ದರು, 'ಮೂಟೆ ಎತ್ತೋ ಹಾಗೆ ಎತ್ತಬೇಡ. ಕಣದಲ್ಲಿ ಕಾಫಿ ಎಳೀತೀಯಲ್ಲ, ಹಾಗೆ ನೀರನ್ನ ನಿನ್ನ ಕಡೆ ಎಳ್ಕೋ.' ಅದು ಅರ್ಥ ಆದ ದಿನ ಮೈ ತಾನಾಗಿಯೇ ಮೇಲೆದ್ದಿತು. ನಾಲ್ಕು ಸಲ ಎದ್ದಿತು. ಐದನೇ ಸಲ ನೀರು ಕುಡಿದೆ.

ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು, ತುಂಬ ಪೇಪರ್ ಕಟಿಂಗ್. 1986ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಏಷ್ಯನ್ ಗೇಮ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಬೆಳ್ಳಿ ಗೆದ್ದ ನಮ್ಮ ಖಜಾನ್ ಸಿಂಗ್ ಮೊದಲ ಪುಟದಲ್ಲಿ. ಆಮೇಲೆ ಪುಟಗಟ್ಟಲೆ ಒಬ್ಬಳೇ ಹುಡುಗಿ: ಮೇರಿ ಟಿ. ಮೀಗರ್. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನವಳು. ಮನೆಯಲ್ಲಿ ಹನ್ನೊಂದು ಮಕ್ಕಳು, ಇವಳು ಹತ್ತನೆಯವಳು. ಅಕ್ಕ ಒಬ್ಬಳ ಹೆಸರೂ ಮೇರಿ, ಅದಕ್ಕೇ ಇವಳಿಗೆ ಆ 'ಟಿ'. ನನಗೆ ಇದು ಬಹಳ ಹಿಡಿಸಿತ್ತು. ನಮ್ಮ ತೋಟದ ಕೆಲಸದವರ ಲೈನ್‌ಮನೆಗಳಲ್ಲೂ ಇಬ್ಬರು ಲಕ್ಷ್ಮಿ ಇದ್ದರು, ಕೆರೆ ಲಕ್ಷ್ಮಿ ಮತ್ತು ಮೇಲಿನ ಲೈನ್ ಲಕ್ಷ್ಮಿ.

ಈ ಮೇರಿ ಟಿ. ಮೊದಲ ವಿಶ್ವದಾಖಲೆ ಮಾಡಿದ್ದು 1979ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. 1980ರ ಮಾಸ್ಕೋ ಒಲಿಂಪಿಕ್ಸ್ ಹೊತ್ತಿಗೆ ಬಟರ್‌ಫ್ಲೈನಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಆದರೆ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು ಅಂತ ಅಮೆರಿಕ ಮಾಸ್ಕೋಗೆ ಹೋಗಲೇ ಇಲ್ಲ. ಮಾರನೇ ವರ್ಷ ಆಗಸ್ಟ್‌ನಲ್ಲಿ ಅವಳು 100 ಮೀಟರನ್ನು 57.93 ಸೆಕೆಂಡಿನಲ್ಲೂ 200 ಮೀಟರನ್ನು 2:05.96ರಲ್ಲೂ (ಎರಡು ನಿಮಿಷ 5.96 ಸೆಕೆಂಡು) ಈಜಿದಳು, ಎರಡೂ ವಿಶ್ವದಾಖಲೆ. ಆಗ ವಯಸ್ಸು ಹದಿನಾರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೂರು ಚಿನ್ನ ಗೆದ್ದಳು, ನಿಜ. ಆದರೆ 100 ಮೀಟರ್ ಚಿನ್ನ ಬಂದಿದ್ದು 59.26ಕ್ಕೆ, 200 ಮೀಟರಿನದು 2:06.90ಕ್ಕೆ. ಚಿನ್ನ ಗೆದ್ದಾಗಲೂ ಹದಿನಾರರ ಹುಡುಗಿಗಿಂತ ಹಿಂದೆ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ, 1988ರ ಸೆಪ್ಟೆಂಬರಿನಲ್ಲಿ, ಸೋಲ್ ಒಲಿಂಪಿಕ್ಸ್. ಮೇಷ್ಟ್ರು ಪೇಪರ್ ಮಡಚಿಕೊಂಡು ಬಂದರು. ಪಂಪ್‌ಹೌಸಿನ ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 2:05.96 ಅಂತ ಬರೆದರು. ಅದರ ಕೆಳಗೆ 2:09.51, ಅದರ ಕೆಳಗೆ 2:10.80. ನಡುವಿನದು ಚಿನ್ನ ಗೆದ್ದ ಪೂರ್ವ ಜರ್ಮನಿಯ ಹುಡುಗಿಯದು. ಕೊನೆಯದು ಮೇರಿ ಟಿ.ಯದು, ಕಂಚು. ಏಳು ವರ್ಷ ಹಿಂದಿನ ತನ್ನ ಈಜನ್ನೇ ಈಜಿದ್ದರೆ ಮೂರು ಸೆಕೆಂಡಿಗೂ ಜಾಸ್ತಿ ಅಂತರದಲ್ಲಿ ಗೆಲ್ಲುತ್ತಿದ್ದಳು. ಪಂಪ್ ಆಪರೇಟರ್ ಬಂದು ನೋಡಿ, 'ಇದೇನು ಮೇಷ್ಟ್ರೇ, ಮೀಟರ್ ರೀಡಿಂಗಾ?' ಅಂದ.

ನಾನು ಕೇಳಿದೆ, 'ಹದಿನಾರಕ್ಕೇ ಎಲ್ಲ ಮುಗಿದಿತ್ತು ಅಂದ್ಮೇಲೆ ಇನ್ನೂ ಏಳು ವರ್ಷ ಯಾಕೆ ಈಜಿದಳು ಸಾರ್?'

ಅವರು ಕೈಯ ಸುಣ್ಣ ಒರೆಸಿಕೊಳ್ಳುತ್ತಾ, 'ಬೆಳಿಗ್ಗೆ ಎದ್ದು ಇನ್ನೇನು ಮಾಡ್ತಾಳಮ್ಮಾ?' ಅಂದರು. ಇನ್ನೂ ದೊಡ್ಡದೇನಾದರೂ ಹೇಳುತ್ತಾರೆ ಅಂತ ಕಾದೆ. ಹೇಳಲಿಲ್ಲ. ನೀರಿಗಿಳಿ ಅಂದರು.

ಆ ವರ್ಷವೇ ನನ್ನನ್ನು ಸ್ಪರ್ಧೆಗೆ ಅಂತ ಮೈಸೂರಿಗೆ ಕರೆದುಕೊಂಡು ಹೋದರು. ಸರಸ್ವತಿಪುರಂನ ಈಜುಕೊಳ. ನೀಲಿ ನೀರು, ತಳ ಕಾಣುವ ನೀರು ನಾನು ನೋಡಿದ್ದೇ ಅವತ್ತು. ನಿಜ ಹೇಳಬೇಕೆಂದರೆ ತಳ ಕಂಡಿದ್ದೇ ಭಯ ಆಯಿತು. ಮೊದಲ ಸಲ ಈಜುಡುಗೆ ಹಾಕಿಕೊಂಡಿದ್ದೆ, ಮೈಯಲ್ಲಿ ಎರಡು ಕೇಜಿ ಕಮ್ಮಿಯಾದ ಹಾಗಿತ್ತು, ಹಾರಿಕೊಂಡೇ ಹೋದೆ. ಎರಡನೆಯವಳಾಗಿ ಗೋಡೆ ಮುಟ್ಟಿ ತಲೆ ಎತ್ತಿದಾಗ ಮೇಲೆ ನಿಂತಿದ್ದ ತೀರ್ಪುಗಾರರು ಕೈ ಎತ್ತಿದ್ದರು. ನಾನು ಮುಟ್ಟಿದ್ದು ಬರೀ ಎಡಗೈಯಲ್ಲಿ. ಬಟರ್‌ಫ್ಲೈನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ನನಗೆ ನಿಯಮ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಕೆರೆಗೆ ಗೋಡೆ ಎಲ್ಲಿತ್ತು? ಪಂಪ್‌ಹೌಸಿನ ಹತ್ತಿರ ಪಾಚಿ ಹಿಡಿದ ಒಂದು ಕಲ್ಲು ಇತ್ತು, ಜಾರಬಾರದು ಅಂತ ಅದನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಎರಡು ವರ್ಷ ದಿನಾ ಹಿಡಿದ ಕೈ, ಅವತ್ತೂ ಅದೇ ಹೋಯಿತು.

ವಾಪಸ್ ಬರುವಾಗ ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಮಸಾಲೆ ದೋಸೆ ಕೊಡಿಸಿದರು. ಬೈಯಲಿಲ್ಲ. ದೋಸೆ ಮುಗಿಯುವವರೆಗೂ ಸುಮ್ನಿದ್ದು, 'ಆ ಕಲ್ಲು ನಾನು ನೋಡಿದ್ದೆ. ನನಗೆ ಹೊಳೀಬೇಕಿತ್ತು' ಅಂದರು. ಅಷ್ಟೊತ್ತು ಬಾರದ ಅಳು ಆಗ ಬಂತು.

ಆಮೇಲೆ ಹೇಳುವಂಥದ್ದು ಕಮ್ಮಿ. ಡಿಗ್ರಿ, ಬ್ಯಾಂಕ್ ಪರೀಕ್ಷೆ, ಕೆಲಸ, ಮದುವೆ. ಅಪ್ಪ ತೋಟ ಬಿಟ್ಟರು, ಕೆರೆಯೂ ಹೋಯಿತು. ಎಷ್ಟೋ ವರ್ಷ ಐದು ಗಂಟೆಗೆ ಎಚ್ಚರ ಆಗುತ್ತಿತ್ತು, ಎದ್ದು ಏನು ಮಾಡೋದು ಅಂತ ಗೊತ್ತಾಗದೆ ಹಾಲು ಕಾಯಿಸುತ್ತಿದ್ದೆ. ಮೇಷ್ಟ್ರ ಮಾತು ತಮಾಷೆ ಅಲ್ಲ ಅಂತ ತಿಳಿದಿದ್ದು ಆಗ. ನಾನಂತೂ ಏನೂ ಗೆದ್ದವಳಲ್ಲ, ಗೆದ್ದವರ ಗತಿ ಏನು? 28 ಒಲಿಂಪಿಕ್ ಪದಕದ ಅಮೆರಿಕದ ಈಜುಗಾರ ಮೈಕೇಲ್ ಫೆಲ್ಪ್ಸ್ ತನಗೆ ಖಿನ್ನತೆ ಕಾಡಿದ್ದನ್ನು ತಾನೇ ಬಾಯಿಬಿಟ್ಟು ಹೇಳಿದ. ಆಸ್ಟ್ರೇಲಿಯಾದ ಸೂಸಿ ಓ'ನೀಲ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ತನ್ನ ದೇಶದವರ ಮುಂದೆ 200 ಮೀಟರ್ ಬಟರ್‌ಫ್ಲೈ ಸೋತಳು. ಆಮೇಲೆ ರೇಡಿಯೋ ನಿರೂಪಕಿಯಾದಳು. ಆ ರೇಸಿನ ವಿಡಿಯೋ ನೋಡಲು ಅವಳಿಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು, ರೇಡಿಯೋದಲ್ಲೇ ನೋಡುತ್ತಾ ಅತ್ತಳು. ಮೇರಿ ಟಿ. ಮಾತ್ರ ಗದ್ದಲ ಮಾಡದೆ ಹೊರಟಳು. ಸೋಲ್ ಒಲಿಂಪಿಕ್ಸ್ ಆದ ಮೇಲೆ ಈಜು ನಿಲ್ಲಿಸಿದಾಗ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಐಸ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ಸ್‌ಗೆ ಹೋಗಿದ್ದವನನ್ನು ಮದುವೆಯಾಗಿ, ಜಾರ್ಜಿಯಾ ರಾಜ್ಯದಲ್ಲಿ ನೆಲೆ ನಿಂತು, ಇಬ್ಬರು ಮಕ್ಕಳನ್ನು ಸಾಕಿದಳು. ಲೂಯಿವಿಲ್‌ನಲ್ಲಿ ಒಂದು ಈಜುಕೊಳಕ್ಕೆ ಅವಳ ಹೆಸರಿದೆ. ಅವಳು ಮನೆವಾರ್ತೆ ನೋಡಿಕೊಂಡಿರುವಾಗಲೂ ಆ ಎರಡು ದಾಖಲೆ ಹಾಗೇ ಇದ್ದವು, ಯಾರಿಗೂ ಸಿಗದೆ.

1999ರಲ್ಲಿ ಬ್ಯಾಂಕಿನ ವಿಳಾಸಕ್ಕೆ ಒಂದು ಪೋಸ್ಟ್‌ಕಾರ್ಡ್ ಬಂತು. ಮೇಷ್ಟ್ರ ಅಕ್ಷರ. '57.93 ಹೋಯಿತು. ಜೆನ್ನಿ ಥಾಂಪ್ಸನ್, 57.88.' ಅಷ್ಟೇ, ಸಾವಿನ ಸುದ್ದಿ ತಿಳಿಸುವ ಕಾರ್ಡಿನ ಹಾಗೆ. ಮಾರನೇ ವರ್ಷ ನಾನು ತುಂಬು ಬಸುರಿ, ಹೆರಿಗೆ ರಜೆ ಹಾಕುವ ಹಿಂದಿನ ದಿನ ಇನ್ನೊಂದು ಕಾರ್ಡ್. '2:05.96 ಕೂಡ ಹೋಯಿತು. ಸೂಸಿ ಓ'ನೀಲ್, 2:05.81. ಆರೋಗ್ಯ ನೋಡಿಕೋ.' ಹದಿನೆಂಟು ವರ್ಷ ದಾಟಿತ್ತು. ಕೌಂಟರಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ, ಪಕ್ಕದವರು ನೋವು ಶುರುವಾಯಿತು ಅಂದುಕೊಂಡು ಆಟೋ ಕರೆಸಿದರು.

ಆ ಹೊಟ್ಟೆಯಲ್ಲಿದ್ದ ಮಗಳು 2018ರಲ್ಲಿ ಮೈಸೂರಿಗೆ ಓದಲು ಹೋದಳು. ಅವಳನ್ನು ಬಿಡಲು ಹೋದವಳು ಒಂದು ಬೆಳಿಗ್ಗೆ ಸರಸ್ವತಿಪುರಂ ಕಡೆ ನಡೆದೆ. ಆಮೇಲೆ ಹೋದಾಗಲೆಲ್ಲ ಈಜಿದೆ. ಬಟರ್‌ಫ್ಲೈ ಆರು ಸಲ ಕೈ ಎಸೆಯುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ, ಮತ್ತೆ ಎರಡು ವಾರ ಎಣ್ಣೆ ಹಚ್ಚಬೇಕು. ಫೋನಿನಲ್ಲಿ ಹೇಳಿದರೆ ಮೇಷ್ಟ್ರು ಕೇಳುವುದು ಒಂದೇ, 'ಎರಡೂ ಕೈ ಮುಟ್ಟಿಸಿದ್ಯಾ?' ಹೂಂ ಅಂದರೆ ತಮ್ಮ ಎರಡೆಕರೆ ತೋಟದ ಮೆಣಸಿನ ಬಳ್ಳಿಗೆ ಬಂದ ರೋಗದ ಮಾತು ಶುರು ಮಾಡುತ್ತಾರೆ.

ಸಂಚಿಕೆಯವರು ಒಂದು ಫೋಟೋನೂ ಕೇಳಿದ್ದಾರೆ. ಕಪ್ ಹಿಡಿದುಕೊಂಡಿರೋದು ಇದ್ದರೆ ಒಳ್ಳೇದು ಅಂದರು. ಕಪ್ ಇಲ್ಲ. ಇರೋದು ನನ್ನ ತಮ್ಮ ತೆಗೆದ ಒಂದೇ ಒಂದು, ಅದನ್ನೇ ಕಳಿಸಿದ್ದೇನೆ. ಅದರಲ್ಲಿ ನಾನು ನೀರಿನೊಳಗೇ ಇದ್ದೇನೆ, ಕಾಣುವುದಿಲ್ಲ. ಪಂಪ್‌ಹೌಸಿನ ಬಾಗಿಲು, ಅದರ ಮೇಲೆ ಅರ್ಧ ಅಳಿಸಿದ ಅಂಕಿ, ಗಡಿಯಾರ ಹಿಡಿದ ಮೇಷ್ಟ್ರ ಕೈ ಕಾಣುತ್ತವೆ. ಅಡಿಬರಹದಲ್ಲಿ ಚಾಂಪಿಯನ್ ಅಂತ ಮಾತ್ರ ಹಾಕಬೇಡಿ.